ತಿಥಿಯೂ ಉಪಗ್ರಹವೂ: ದಖ್ಖನ್ನಿನ ಬಂಡೆಗಳ ನಡುವೆ ಒಂದು ಕಡಲ ಕಚೇರಿ

ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿ, ಅತಿ ಸಮೀಪದ ಕಡಲತೀರದಿಂದ ಇನ್ನೂರೈವತ್ತು ಕಿಲೋಮೀಟರಿಗೂ ದೂರದಲ್ಲಿ, ಹಳೆಯ ಗ್ರಾನೈಟ್ ಬಂಡೆಗಳ ಮೇಲೆ ಹಬ್ಬಿಕೊಂಡಿರುವ ಹೈದರಾಬಾದು ನಗರಕ್ಕೂ ಕಡಲಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಅಸಂಗತವೆನ್ನಲಾಗದು. ದಿಲ್‌ಸುಖ್‌ನಗರದಲ್ಲಿ ವಾಸಿಸುವ ನಮ್ಮಂಥವರ ಪಾಲಿಗೆ ನೀರೆಂದರೆ ಒಂದು ಮಗ್ಗುಲಿಗೆ ಸರೂರ್‌ನಗರದ ಕೆರೆ, ಇನ್ನೊಂದು ಮಗ್ಗುಲಿಗೆ ಮೂಸಿ ನದಿ. ಮಳೆಗಾಲದಲ್ಲಿ ಇವೆರಡೂ ತುಂಬುವುದುಂಟು, ಆದರೆ ಹುಣ್ಣಿಮೆಯೆಂದು ಏರುವುದಾಗಲಿ ಅಷ್ಟಮಿಯೆಂದು ತಗ್ಗುವುದಾಗಲಿ ಇವುಗಳ ಸ್ವಭಾವವಲ್ಲ. ಆದರೂ ಇಲ್ಲಿಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ನಗರವನ್ನು ಆಗ್ನೇಯದಿಂದ ವಾಯವ್ಯಕ್ಕೆ ಹಾಯ್ದು, ಜೆಎನ್‌ಟಿಯು ಕಾಲೇಜಿನ ಬಳಿ ಇಳಿದು ನಿಜಾಂಪೇಟೆಯ ಪ್ರಗತಿನಗರದ ದಾರಿ ಹಿಡಿದರೆ, ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವೆಂಬ ಸಂಸ್ಥೆಯೊಂದು ಸಿಕ್ಕುತ್ತದೆ. ಮಲ್ಪೆ ಬಂದರಿನ ತಾಂಡೇಲನು, ಎಂದರೆ ಬೋಟು ನಡೆಸುವವನು, ಬೋಟನ್ನು ಯಾವ ದಿಕ್ಕಿಗೆ ತಿರುಗಿಸತಕ್ಕುದು, ಎಷ್ಟು ದೂರ ಹೋಗಿ ಬಲೆ ಬಿಡತಕ್ಕುದು, ಅಥವಾ ಹೊರಡದೆ ಬಂದರಿನಲ್ಲಿಯೇ ಉಳಿಯತಕ್ಕುದೋ ಎಂಬುದನ್ನು ನಿಶ್ಚಯಿಸಲು ಬೇಕಾದ ವಿವರಗಳು ಹೊರಡುವುದು ಈ ಮನೆಯಿಂದ.

ಕಡಲಿಲ್ಲದ ಈ ಊರಿಗೂ ಮೀನಿನ ಒಂದು ದಿನವಿದೆ. ಜೂನ್ ತಿಂಗಳ 7 ಅಥವಾ 8ನೆಯ ತಾರೀಖಿನಂದು, ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವ ಹೊತ್ತಿಗೆ, ಮೀನು ತಿಂದರೆ ಮಳೆಗಾಲದ ರೋಗಗಳು ತಟ್ಟುವುದಿಲ್ಲವೆಂಬ ನಂಬಿಕೆಯಿಂದ ತೆಲಂಗಾಣದ ಜನ ಮೀನಿನ ಪೇಟೆಗೆ ಮುಗಿಬೀಳುತ್ತಾರೆ. ಮುಷೀರಾಬಾದಿನ ಮಾರುಕಟ್ಟೆಯಲ್ಲಿ ಅಂದು ಕಾಲಿಡಲು ಸ್ಥಳವಿರುವುದಿಲ್ಲ. ಇದರಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪೂರ್ವತೀರದಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೂ ಪಶ್ಚಿಮತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೂ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ದೇಶದ ಎರಡು ತೀರಗಳ ಬೋಟುಗಳೂ ಏಕಕಾಲದಲ್ಲಿ ಲಂಗರು ಹಾಕಿರುವ ಎರಡೇ ವಾರಗಳ ನಡುವೆ ಈ ದಿನ ಬೀಳುತ್ತದೆ. ಆದುದರಿಂದ ಹೈದರಾಬಾದು ಅಂದು ಉಣ್ಣುವುದು ಬಹುಮಟ್ಟಿಗೆ ಕೆರೆಗಳ ಮೀನನ್ನು. ಕಡಲಿನ ಮೀನಿಗೆ ಮರಿಮಾಡಲು ಬಿಡುವು ಕೊಟ್ಟ ಕಾಲವದು.

ಒಕ್ಕಲಿಗನು ಮಳೆಯನ್ನು ಸೂರ್ಯನಿರುವ ನಕ್ಷತ್ರದಿಂದ ಎಣಿಸುತ್ತಾನೆ. ಮೀನುಗಾರನು ಭರತವನ್ನು, ಎಂದರೆ ಕಡಲ ಉಬ್ಬರವನ್ನು, ಚಂದ್ರನ ತಿಥಿಯಿಂದ ಎಣಿಸುತ್ತಾನೆ. ಮೃಗಶಿರಾ ಮಳೆ ಬರಬಹುದು, ಬಾರದೆಯೂ ಹೋಗಬಹುದು; ಆದರೆ ಅಮಾವಾಸ್ಯೆಯ ಭರತ ಬಾರದೆ ಹೋದುದಿಲ್ಲ. ಇದಕ್ಕೆ ಕಾರಣ ತಿಥಿಯ ಲಕ್ಷಣದಲ್ಲಿಯೇ ಅಡಗಿದೆ. ಸೂರ್ಯಚಂದ್ರರ ನಡುವಣ ಕೋನಾಂತರವು ಹನ್ನೆರಡು ಅಂಶದಷ್ಟು ಹೆಚ್ಚಲು ಹಿಡಿಯುವ ಕಾಲವೇ ಒಂದು ತಿಥಿ. ಕಡಲನ್ನು ಏರಿಸಿ ಇಳಿಸುವ ಆಕರ್ಷಣೆಯ ಬಲವೂ ಮುಖ್ಯವಾಗಿ ಇದೇ ಕೋನಾಂತರವನ್ನು ಅನುಸರಿಸತಕ್ಕುದು. ಅಮಾವಾಸ್ಯೆಯಲ್ಲಿಯೂ ಹುಣ್ಣಿಮೆಯಲ್ಲಿಯೂ ಸೂರ್ಯಚಂದ್ರರು ಭೂಮಿಯೊಡನೆ ಒಂದೇ ರೇಖೆಗೆ ಬರುವುದರಿಂದ ಇಬ್ಬರ ಸೆಳೆತವೂ ಕೂಡಿ, ಒಂದೆರಡು ದಿನಗಳ ತರುವಾಯ ಭರತವು ಅತ್ಯುನ್ನತವೂ ಇಳಿತವು ಅತಿ ತಗ್ಗಿನದೂ ಆಗುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಒಬ್ಬರ ಸೆಳೆತಕ್ಕೆ ಇನ್ನೊಬ್ಬರದು ಅಡ್ಡಬರುವುದರಿಂದ ನೀರಿನ ಏರಿಳಿತ ಮಂದವಾಗಿರುತ್ತದೆ. ಭರತವು ದಿನಕ್ಕೆ ಎರಡು ಬಾರಿ ಬಂದರೂ ಮರುದಿನ ಅದೇ ಗಳಿಗೆಗೆ ಬಾರದೆ ಸುಮಾರು 50 ನಿಮಿಷ ತಡವಾಗುವುದೂ ಚಂದ್ರನ ಗತಿಯಿಂದಲೇ.

ಕೊಂಕಣತೀರದ ಮೀನುಗಾರರು ಇಷ್ಟು ಖಗೋಳವನ್ನು ಒಂದು ಸಣ್ಣ ಬಾಯಿಲೆಕ್ಕಕ್ಕೆ ಇಳಿಸಿದ್ದಾರೆ: ಅಂದಿನ ತಿಥಿಯ ಸಂಖ್ಯೆಯ ಮುಕ್ಕಾಲು ಪಾಲೇ ಭರತದ ಗಂಟೆ. ಚತುರ್ಥಿಗೆ ಮೂರು ಗಂಟೆ, ಅಷ್ಟಮಿಗೆ ಆರು ಗಂಟೆ, ದಶಮಿಗೆ ಏಳೂವರೆ, ಹಗಲಿಗೊಂದು, ರಾತ್ರಿಗೊಂದು. ಮುಂಬಯಿಯ ಸುತ್ತಿನ ಕಡಲಿಗೆ ಹೊಂದುವ ಈ ಲೆಕ್ಕವನ್ನು ದಕ್ಷಿಣಕ್ಕೆ ಬಂದಂತೆ ಆಯಾ ತೀರಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕಾಗುತ್ತದೆ. ಏಕೆಂದರೆ ಭರತದ ಸಮಯವೂ ಎತ್ತರವೂ ತಳದ ಆಳವನ್ನೂ ದಡದ ಆಕಾರವನ್ನೂ ಅವಲಂಬಿಸಿವೆ. ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಹತ್ತು ಮೀಟರು ಏರುವ ನೀರು ಕಾರವಾರದಲ್ಲಿ ಸುಮಾರು ಎರಡು ಮೀಟರಿಗೆ ನಿಲ್ಲುತ್ತದೆ, ಮಂಗಳೂರಿನಲ್ಲಿ ಒಂದೂವರೆ ಮೀಟರಿನ ಆಸುಪಾಸಿಗೆ. ಬಾಯಿಲೆಕ್ಕವು ಗಡಿಯಾರದ ನಿಮಿಷವನ್ನು ಹೇಳಲಾರದು, ನಿಜ. ಆದರೆ ಗಡಿಯಾರವಿಲ್ಲದ ದೋಣಿಯಲ್ಲಿ, ಓದುಬರಹವಿಲ್ಲದವನು, ಕೇವಲ ಆಕಾಶವನ್ನು ನೋಡಿ ಸಮುದ್ರದ ವರ್ತಮಾನವನ್ನು ಹೇಳಬಲ್ಲವನಾಗಿದ್ದನೆಂಬುದು ಸಾಮಾನ್ಯ ವಿದ್ಯೆಯೆಂದು ನಾನು ಭಾವಿಸಲಾರೆ.

ಈ ವಿದ್ಯೆ ಹೆಚ್ಚಾಗಿ ಉಪಯೋಗಕ್ಕೆ ಬರುವುದು ನಡುಗಡಲಿನಲ್ಲಲ್ಲ, ಅಳಿವೆಯಲ್ಲಿ. ನಮ್ಮ ಕರಾವಳಿಯ ಬಂದರುಗಳು ಬಹುತೇಕ ನದೀಮುಖದ ಬಂದರುಗಳು. ಐದು ನದಿಗಳು ಕೂಡಿ ಕಡಲು ಸೇರುವ ಗಂಗೊಳ್ಳಿಯಂತಹ ಸ್ಥಳದಲ್ಲಿ ಹೂಳಿನ ದಿಣ್ಣೆಗಳು ಜಾಗ ಬದಲಿಸುತ್ತಲೇ ಇರುವುದರಿಂದ, ಮೀನು ತುಂಬಿ ಭಾರವಾಗಿ ಮರಳಿದ ಬೋಟು ಇಳಿತದ ವೇಳೆಗೆ ಅಳಿವೆಬಾಗಿಲಿಗೆ ಬಂದರೆ ತಳ ತಾಕೀತೆಂದು ಹೊರಗೆಯೇ ಭರತಕ್ಕಾಗಿ ಕಾಯಬೇಕಾಗುತ್ತದೆ. ಇಳಿತದ ಹೊರಸೆಳೆತವೂ ಕಡಲಿನಿಂದ ಒಳನುಗ್ಗುವ ತೆರೆಯೂ ಪರಸ್ಪರ ಎದುರಾಗುವ ಗಳಿಗೆಯೇ ಅಳಿವೆಯಲ್ಲಿ ಅತ್ಯಂತ ಅಪಾಯದ ಗಳಿಗೆ. ಕುಮಟೆಯ ಅಘನಾಶಿನಿಯಲ್ಲಿಯಾದರೋ ತಿಥಿಯ ಮೇಲೆ ಒಂದು ಇಡೀ ಬದುಕೇ ನಿಂತಿದೆ. ದೊಡ್ಡ ಇಳಿತಗಳಲ್ಲಿ ನದಿಯ ತಳ ಬಯಲಾದಾಗ ಹೆಂಗಸರೂ ಗಂಡಸರೂ ಇಳಿದು ಬಳಚು ಹೆಕ್ಕುತ್ತಾರೆ. ಅಲ್ಲಿಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಿನ ತರುವಾಯ ಭರತದ ನೀರಿನೊಡನೆ ಸಿಗಡಿಯ ಮರಿಗಳನ್ನು ಒಳಕ್ಕೆ ಬಿಟ್ಟುಕೊಂಡು, ಅಮಾವಾಸ್ಯೆ ಹುಣ್ಣಿಮೆಗಳ ಇಳಿತದಲ್ಲಿ ತೂಬಿನ ಬಾಗಿಲಿಗೆ ಬಲೆ ಕಟ್ಟಿ ನೀರನ್ನು ಹೊರಬಿಟ್ಟರೆ, ಬೆಳೆದ ಸಿಗಡಿ ತಾನಾಗಿ ಬಲೆಗೆ ಬಂದು ಬೀಳುತ್ತದೆ. ಒಂದೇ ಗದ್ದೆಯಿಂದ ಅನ್ನವನ್ನೂ ಮೀನನ್ನೂ ಪಡೆಯುವ ಈ ವ್ಯವಸ್ಥೆ ಕ್ಷೀಣಿಸುತ್ತಿರುವುದು ನನಗೆ ನಿಜವಾಗಿಯೂ ದುಃಖದ ಸಂಗತಿ.

ಬೆಳದಿಂಗಳಿಗೂ ಬಲೆಗೂ ಇರುವ ಸಂಬಂಧ ಬೇರೆಯದು. ಬೂತಾಯಿ, ಬಂಗುಡೆಗಳ ಹಿಂಡು ರಾತ್ರಿಯ ವೇಳೆ ಮೇಲುನೀರಿನಲ್ಲಿ ಚಲಿಸುವಾಗ ನೀರಿನ ಸೂಕ್ಷ್ಮಜೀವಿಗಳು ಕದಡಿ ಮಿನುಗುತ್ತವೆ. ಕತ್ತಲೆಯ ರಾತ್ರಿ ಈ ಮಿನುಗು ದೂರದಿಂದಲೇ ಕಾಣುವುದರಿಂದ ಹಿಂಡಿರುವ ಸ್ಥಳ ತಿಳಿಯುತ್ತದೆ, ಬೆಳದಿಂಗಳಿನಲ್ಲಿ ಅದು ಅಳಿಸಿಹೋಗುತ್ತದೆ. ಕೃಷ್ಣಪಕ್ಷದ ಕತ್ತಲೆಯನ್ನೇ ಅವಲಂಬಿಸಿ ಪ್ರಖರವಾದ ಎಲ್‌ಇಡಿ ದೀಪಗಳಿಂದ ಮೀನನ್ನು ಸೆಳೆಯುವ ಪದ್ಧತಿಯೊಂದು ಹಬ್ಬಿದಾಗ, ಮರಿಮೀನೂ ಉಳಿಯದಂತಾದೀತೆಂದು ಕೇಂದ್ರ ಸರ್ಕಾರವು 2017ರಲ್ಲಿ ಅದನ್ನು ನಿಷೇಧಿಸಿದುದು ಯುಕ್ತವೇ ಆಯಿತು.

ಇಷ್ಟೆಲ್ಲವನ್ನೂ ತಿಳಿಸುವ ಚಂದ್ರನು ಎರಡು ವಿಷಯಗಳನ್ನು ಮಾತ್ರ ಹೇಳನು: ಗಾಳಿ ಯಾವಾಗ ಎದ್ದೀತೆಂಬುದು ಒಂದು, ಅಷ್ಟು ವಿಸ್ತಾರವಾದ ನೀರಿನಲ್ಲಿ ಮೀನು ಎಲ್ಲಿದ್ದೀತೆಂಬುದು ಇನ್ನೊಂದು. ಹಾಯಿದೋಣಿಯ ಕಾಲದಲ್ಲಿ ಬೆಳಗಿನ ಜಾವದ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುವ ಕ್ರಮವಿದ್ದಾಗ, ತೆಂಕಣ ಗಾಳಿಯ ವಾಸನೆಯನ್ನೂ ಮೋಡದ ಅಂಚಿನ ಬಣ್ಣವನ್ನೂ ಕಂಡು ನಿರ್ಣಯಿಸುತ್ತಿದ್ದ ಹಿರಿಯರ ಅನುಭವವೇ ಸಾಕಾಗುತ್ತಿತ್ತು. ದಡವಂತೂ ಕಣ್ಣಳತೆಯಲ್ಲಿಯೇ ಇರುತ್ತಿತ್ತು. ಮಂಜುಗಡ್ಡೆಯನ್ನೂ ಡೀಸೆಲನ್ನೂ ತುಂಬಿಕೊಂಡು ವಾರಕ್ಕೂ ಮೀರಿ ಆಳಸಮುದ್ರದಲ್ಲಿ ಉಳಿಯುವ ಇಂದಿನ ಬೋಟಿಗೆ ಆ ಅನುಭವವೊಂದೇ ಸಾಲದು. ಪ್ರಗತಿನಗರದ ಕೇಂದ್ರದ ಕೆಲಸ ಆರಂಭವಾಗುವುದು ಇಲ್ಲಿಂದ.

1999ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ಸ್ಥಾಪಿತವಾಗಿ ಈಗ ಭೂವಿಜ್ಞಾನ ಸಚಿವಾಲಯದ ಅಧೀನದಲ್ಲಿರುವ ಈ ಕೇಂದ್ರವನ್ನು ಅದರ ಹೆಸರಿನ ಇಂಗ್ಲಿಷ್ ಆದ್ಯಕ್ಷರಗಳಿಂದ ‘ಇನ್‌ಕಾಯಿಸ್’ ಎಂದು ಕರೆಯುವುದು ವಾಡಿಕೆ. 2004ರ ಡಿಸೆಂಬರ್ 26ರ ಸುನಾಮಿಯ ತರುವಾಯ, 2007ರ ಅಕ್ಟೋಬರಿನಲ್ಲಿ, ದೇಶದ ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರವೂ ಇಲ್ಲಿಯೇ ಸ್ಥಾಪಿತವಾದುದರಿಂದ ಪತ್ರಿಕೆಗಳಲ್ಲಿ ಇದರ ಹೆಸರು ಆ ಸಂದರ್ಭದಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ನಿತ್ಯದ ಉಪಕಾರವನ್ನು ನೋಡುವುದಾದರೆ ಮೀನು ಸಿಕ್ಕಬಹುದಾದ ವಲಯಗಳ ಸೂಚನೆಯೇ ಇದರ ಮುಖ್ಯ ಕೃತಿಯೆಂದು ಹೇಳಬೇಕು. ತಣ್ಣೀರೂ ಬಿಸಿನೀರೂ ಸಂಧಿಸುವ ಅಂಚುಗಳಲ್ಲಿಯೂ, ತಳದ ನೀರು ಮೇಲಕ್ಕೆ ಉಕ್ಕುವ ಎಡೆಗಳಲ್ಲಿಯೂ ಪೋಷಕಾಂಶಗಳು ಬೆಳಕಿಗೆ ಬಂದು, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಸ್ಯಗಳು ವಿಪುಲವಾಗಿ ಬೆಳೆಯುತ್ತವೆ. ಅವನ್ನು ತಿನ್ನಲು ಸಣ್ಣ ಜೀವಿಗಳು, ಆ ಸಣ್ಣವನ್ನು ತಿನ್ನಲು ಮೀನು. ಸೂಕ್ಷ್ಮಸಸ್ಯಗಳ ಹಸಿರು ನೀರಿನ ಬಣ್ಣವನ್ನೇ ಬದಲಿಸುವುದರಿಂದ, ಅದನ್ನು 2009ರಲ್ಲಿ ಹಾರಿದ ಓಷನ್‌ಸ್ಯಾಟ್-2 ಮತ್ತು 2022ರ ನವೆಂಬರಿನಲ್ಲಿ ಹಾರಿದ ಅದರ ಉತ್ತರಾಧಿಕಾರಿಯಂತಹ ಉಪಗ್ರಹಗಳು ನೂರಾರು ಕಿಲೋಮೀಟರು ಮೇಲಿನಿಂದ ಗುರುತಿಸಬಲ್ಲವು. ಮೇಲುನೀರಿನ ಉಷ್ಣತೆಯನ್ನು ಬೇರೆ ಉಪಗ್ರಹಗಳು ಅಳೆಯುತ್ತವೆ. ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿದಾಗ ಗೋಚರಿಸುವ ರೇಖೆಗಳೇ ಮೀನಿನ ವಲಯಗಳು. ಇಂತಹ ಬಂದರಿನಿಂದ ಇಂತಹ ದಿಕ್ಕಿಗೆ, ಇಷ್ಟು ದೂರದಲ್ಲಿ, ಇಷ್ಟು ಆಳದ ನೀರಿನಲ್ಲಿ ಎಂದು ಕನ್ನಡವೂ ಸೇರಿದಂತೆ ತೀರದ ಭಾಷೆಗಳಲ್ಲಿ ಸೂಚನೆ ಹೊರಟು, ಬಂದರಿನ ಫಲಕಗಳಿಗೂ ಮೊಬೈಲಿಗೂ ತಲುಪುತ್ತದೆ. ಮೋಡ ಕವಿದ ದಿನ ಉಪಗ್ರಹದ ಕಣ್ಣು ಮಂಕಾಗುತ್ತದೆ. ನಿಷೇಧದ ಕಾಲದಲ್ಲಿ ಸೂಚನೆಯನ್ನು ನಿಲ್ಲಿಸಲಾಗುತ್ತದೆ. ಸೂಚಿಸಿದಲ್ಲಿ ಮೀನು ಇದ್ದೇ ಇರುವುದೆಂಬ ಭರವಸೆಯನ್ನು ಕೇಂದ್ರವು ಕೊಡುವುದಿಲ್ಲ, ಕೊಡತಕ್ಕುದೂ ಅಲ್ಲ. ಅನ್ನವಿರುವ ಎಡೆಯನ್ನು ತೋರಿಸಿ, ಹುಡುಕಾಟದ ಡೀಸೆಲನ್ನು ಉಳಿಸುವುದಷ್ಟೇ ಅದರ ಪ್ರತಿಜ್ಞೆ.

ಎರಡನೆಯ ಕೆಲಸ ಕಡಲಿನ ಸ್ಥಿತಿಯ ಮುನ್ಸೂಚನೆ: ತೆರೆಯ ಎತ್ತರ, ಅದರ ದಿಕ್ಕು, ಗಾಳಿ, ಪ್ರವಾಹ, ಭರತದ ವೇಳೆ. ಚಂಡಮಾರುತದ ಎಚ್ಚರಿಕೆ ಹವಾಮಾನ ಇಲಾಖೆಯದು. ಆ ಗಾಳಿಯಿಂದ ನೀರು ಏನಾದೀತೆಂಬ ಗಣನೆ ಈ ಕೇಂದ್ರದ್ದು. ತೀರದಲ್ಲಿ ಗಾಳಿಯೇ ಇಲ್ಲದೆ ಏಳುವ ತೆರೆಯೂ ಉಂಟು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲಿಯೋ ಎದ್ದ ಬಿರುಗಾಳಿಯ ಉದ್ದನೆಯ ಅಲೆಗಳು ದಿನಗಟ್ಟಲೆ ಸಾಗಿ ಬಂದು, ನಿರ್ಮಲವಾದ ಆಕಾಶದ ಕೆಳಗೆ, ಕಣ್ಣಿಗೆ ಯಾವ ಸುಳಿವೂ ಕೊಡದೆ ತೀರಕ್ಕೆ ನುಗ್ಗುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಇದು ದೊಡ್ಡ ಭರತದ ದಿನವೇ ಬಂದರೆ ದಡದ ಮನೆಗಳಿಗೂ ಎಳೆದಿಟ್ಟ ದೋಣಿಗಳಿಗೂ ಹಾನಿ ತಪ್ಪಿದ್ದಲ್ಲ. ಪಂಚಾಂಗ ಹೇಳುವ ಭರತಕ್ಕೆ ಪಂಚಾಂಗ ಹೇಳಲಾರದ ಈ ಅಲೆಯನ್ನು ಕೂಡಿಸಿ ನೋಡಿ, ತೀರದವರನ್ನು ಮುಂಚಿತವಾಗಿ ಎಚ್ಚರಿಸುವ ಕಾರ್ಯ ಈಗ ಇಲ್ಲಿಂದ ನಡೆಯುತ್ತಿದೆ.

ಎಚ್ಚರಿಕೆ ಎಷ್ಟು ನಿಖರವಾಗಿದ್ದರೂ ಕೇಳಬೇಕಾದವನ ಕಿವಿಗೆ ಬೀಳದಿದ್ದರೆ ಪ್ರಯೋಜನವಿಲ್ಲವೆಂಬುದನ್ನು 2017ರ ನವೆಂಬರ್ ಕೊನೆಯ ಒಖಿ ಚಂಡಮಾರುತವು ಕ್ರೂರವಾಗಿ ತೋರಿಸಿಕೊಟ್ಟಿತು. ಕನ್ಯಾಕುಮಾರಿ ಮತ್ತು ಕೇರಳದ ತೀರಗಳಿಂದ ಅಷ್ಟರಲ್ಲಿಯೇ ಆಳಕ್ಕೆ ಹೋಗಿದ್ದ ಬೋಟುಗಳಿಗೆ ಸುದ್ದಿ ಮುಟ್ಟಿಸುವ ಉಪಾಯವಿರಲಿಲ್ಲ. ದಡದಿಂದ ಹತ್ತು ಹನ್ನೆರಡು ಕಿಲೋಮೀಟರು ದಾಟಿದರೆ ಮೊಬೈಲು ಮೂಕವಾಗುತ್ತದೆ. ಅಲ್ಲಿ ಸತ್ತವರಿಗಾಗಿ ಅತ್ತ ಮನೆಗಳನ್ನು ನೆನೆದಾಗ, 2019ರ ಅಕ್ಟೋಬರಿನಲ್ಲಿ ಹೊರಬಂದ ‘ಜೆಮಿನಿ’ ಎಂಬ ಪುಟ್ಟ ಸಾಧನದ ಬೆಲೆ ತಿಳಿಯುತ್ತದೆ. ವಿಮಾನಯಾನಕ್ಕಾಗಿ ಏರ್ಪಟ್ಟ ‘ಗಗನ್’ ವ್ಯವಸ್ಥೆಯ ಉಪಗ್ರಹಗಳ ಮೂಲಕ ಪ್ರಗತಿನಗರದ ಸಂದೇಶವನ್ನು ನಡುಗಡಲಿನಲ್ಲಿ ಹಿಡಿದು, ತಾಂಡೇಲನ ಮೊಬೈಲಿಗೆ ಅವನ ಭಾಷೆಯಲ್ಲಿ ದಾಟಿಸುವುದು ಅದರ ಕೆಲಸ. ಆದರೆ ಅದು ಕೇಳಬಲ್ಲದೇ ಹೊರತು ಮಾತನಾಡಲಾರದು. ಬೋಟಿನಿಂದ ದಡಕ್ಕೆ ಒಂದು ಮೊರೆಯನ್ನು ಕಳಿಸಬೇಕೆಂದರೆ ದಾರಿಯಿಲ್ಲ.

ಆ ಕೊರತೆಯನ್ನು ತುಂಬಲೆಂದು 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಆರಂಭವಾದ ಯೋಜನೆಯ ಪ್ರಕಾರ, ದೇಶದ ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಎರಡೂ ಕಡೆಯಿಂದ ಸಂದೇಶ ಸಾಗಿಸಬಲ್ಲ, ಇಸ್ರೋ ಉಪಗ್ರಹಗಳನ್ನು ಆಶ್ರಯಿಸಿದ ಟ್ರಾನ್ಸ್‌ಪಾಂಡರುಗಳನ್ನು ಅಳವಡಿಸತಕ್ಕುದೆಂದು ನಿಶ್ಚಯವಾಗಿದೆ. ಯಾಂತ್ರಿಕ ಬೋಟುಗಳ ಮಾಲಿಕರು ಇದನ್ನು ಹೇಗಾದರೂ ಪಡೆದಾರು. ನನ್ನ ಕಳವಳ ನಾಡದೋಣಿಯವರದು. ಮಳೆಗಾಲದ ನಿಷೇಧ ತಮಗೆ ಅನ್ವಯಿಸದೆಂಬ ಒಂದೇ ಕಾರಣಕ್ಕೆ ಜೂನ್ ಜುಲೈಗಳ ಕೆರಳಿದ ಕಡಲಿಗೆ ಇಳಿಯುವವರು ಅವರು. ಅತ್ಯಂತ ಸಣ್ಣ ದೋಣಿಯಲ್ಲಿ, ಅತ್ಯಂತ ಕೆಟ್ಟ ಋತುವಿನಲ್ಲಿ, ಅಳಿವೆಯ ಅತ್ಯಂತ ಅಪಾಯದ ನೀರನ್ನು ದಾಟುವವರೂ ಅವರೇ. ಮೀನಿನ ವಲಯದ ಸೂಚನೆ ನಿಂತಿರುವ ಆ ಎರಡು ತಿಂಗಳುಗಳಲ್ಲಿ ತೆರೆಯ ಎತ್ತರದ ಸೂಚನೆಯಾದರೂ ನಿಲ್ಲದೆ ಹೊರಡುತ್ತಿರುತ್ತದೆ. ಅದನ್ನು ಗಂಗೊಳ್ಳಿಯಲ್ಲಿ, ಹೊನ್ನಾವರದಲ್ಲಿ, ತದಡಿಯಲ್ಲಿ, ದೋಣಿ ನೀರಿಗಿಳಿಸುವ ಮುನ್ನ, ಸ್ಮಾರ್ಟ್‌ಫೋನಿಲ್ಲದವನಿಗೂ ಕೇಳಿಸುವಂತೆ, ಧ್ವನಿವರ್ಧಕದಲ್ಲಿ ಕನ್ನಡದಲ್ಲಿ ಕೂಗಿ ಹೇಳುವ ವ್ಯವಸ್ಥೆ ಪ್ರತಿಯೊಂದು ಇಳಿದಾಣದಲ್ಲಿಯೂ ಆಗಬೇಕು.