ಡ್ಯಾಶ್‌ಬೋರ್ಡಿನ ಹಿಂದಿನ ಕಸುಬು

ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಯುಳ್ಳ ಹುಬ್ಬಳ್ಳಿಯಲ್ಲೂ, ಟಾಟಾ ಬಸ್ ಕಾರ್ಖಾನೆಯುಳ್ಳ ಧಾರವಾಡದಲ್ಲೂ ವಾಹನ ದುರಸ್ತಿಯ ಹಲವು ಕಸುಬುಗಳು ಬೇರೂರಿವೆ. ಅವುಗಳಲ್ಲಿ ಎಂಜಿನ್ ಕೆಲಸಕ್ಕಿಂತ ಬೇರೆಯಾದ ವಿದ್ಯೆ ವೈರಿಂಗ್ ಮಿಸ್ತ್ರಿಯದು. ಮಾಲೀಕನೇ ಡ್ಯಾಶ್‌ಬೋರ್ಡ್ ಬಿಚ್ಚಿ ಮರಳಿ ಕೂರಿಸಿದ ಕಾರು ಬಾಗಿಲಿಗೆ ಬಂದಾಗ ಆ ವಿದ್ಯೆ ನಿಜವಾಗಿ ಒರೆಗೆ ಹಚ್ಚಲ್ಪಡುತ್ತದೆ.

ಡ್ಯಾಶ್‌ಬೋರ್ಡ್ ಎಂಬುದು ಮೂಲತಃ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರರಿಗೆ ತಾಗದಂತೆ ಗಾಡಿಯ ಮುಂದೆ ಕಟ್ಟುತ್ತಿದ್ದ ಹಲಗೆ. ಇಂದು ಅದರ ಹಿಂದೆ ತಂತಿಗಳ ದಟ್ಟ ಹೆಣಿಗೆಯಿದೆ. ಎ.ಸಿ.ಯ ಕೂಲಿಂಗ್ ಕಾಯಿಲ್, ಅಂದರೆ ಒಳಗಿನ ಗಾಳಿಯನ್ನು ತಂಪಾಗಿಸುವ ಕೊಳವೆಜಾಲ, ಸೋರಿದರೆ ಹಲವು ಮಾದರಿಗಳಲ್ಲಿ ಡ್ಯಾಶ್‌ಬೋರ್ಡನ್ನು ಇಡಿಯಾಗಿ ಇಳಿಸಬೇಕು. ವಿಡಿಯೊ ನೋಡಿ ಧೈರ್ಯ ತಂದುಕೊಂಡ ಮಾಲೀಕನು ತಿರುಪುಗಳನ್ನೆಲ್ಲ ಲೆಕ್ಕವಿಟ್ಟು ಬಿಚ್ಚಿದರೂ, ಮರುಜೋಡಣೆಯಲ್ಲಿ ಒಂದು ಕಪ್ಲರ್, ಅಂದರೆ ತಂತಿಗೊಂಚಲುಗಳನ್ನು ಕೂಡಿಸುವ ಪ್ಲಾಸ್ಟಿಕ್ ಕೊಂಡಿ, ‘ಟಕ್’ ಎನ್ನದೆ ಅರೆಬರೆ ಕೂತಿರುತ್ತದೆ, ಇಲ್ಲವೇ ತಂತಿಯೊಂದು ತಿರುಪಿನಡಿ ಸಿಕ್ಕಿ ಜಜ್ಜಿಹೋಗಿರುತ್ತದೆ.

ಇಂಥ ದೋಷಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ಅರ್ಥಿಂಗ್‌ನದು. ಕಾರಿನಲ್ಲಿ ಬ್ಯಾಟರಿಯ ಋಣ ತುದಿಯನ್ನು ಉಕ್ಕಿನ ಮೈಗೇ ಜೋಡಿಸಿರುವುದರಿಂದ ವಿದ್ಯುತ್ತು ಆ ಮೈಯ ಮೂಲಕವೇ ಮರಳುತ್ತದೆ. ಮನೆಯ ಅರ್ಥಿಂಗ್‌ನಂತೆ ಇದಕ್ಕೆ ನೆಲದ ಸಂಬಂಧವಿಲ್ಲ, ಹೆಸರಷ್ಟೇ ಒಂದು. ಡ್ಯಾಶ್‌ಬೋರ್ಡಿನ ಹಿಂದಿನ ಲೋಹದ ತೊಲೆಗೆ ಹಲವು ಅರ್ಥ್ ತಂತಿಗಳನ್ನು ಒಟ್ಟಿಗೆ ಬಿಗಿಯುವ ಬೋಲ್ಟು ಸಡಿಲ ಉಳಿದರೆ, ಮರಳುವ ದಾರಿ ಕಾಣದ ವಿದ್ಯುತ್ತು ಪಕ್ಕದ ಉಪಕರಣದೊಳಗೆ ನುಗ್ಗಿ ಹಿಮ್ಮುಖವಾಗಿ ಹರಿಯುತ್ತದೆ. ಆಗ ಇಂಡಿಕೇಟರ್ ಹಾಕಿದರೆ ಮೀಟರಿನ ದೀಪ ಮಿನುಗಬಹುದು, ಬ್ಲೋವರ್ ತಿರುಗಿಸಿದರೆ ಇಂಧನದ ಮುಳ್ಳು ಕುಣಿಯಬಹುದು. ದೆವ್ವ ಬಡಿದಂತೆ ಕಾಣುವ ಈ ಆಟಕ್ಕೆ ಹೆದರಿ ಮೀಟರನ್ನೇ ಬದಲಿಸುವವರಿದ್ದಾರೆ. ಹಣ ಹೋಗುತ್ತದೆ, ಆಟ ನಿಲ್ಲುವುದಿಲ್ಲ.

ಬಲ್ಲ ಮಿಸ್ತ್ರಿ ಏನೇನು ಬಿಚ್ಚಲಾಗಿತ್ತೆಂದು ಮೊದಲು ವಿಚಾರಿಸುತ್ತಾನೆ, ಏಕೆಂದರೆ ನಿನ್ನೆಯವರೆಗೆ ಸರಿಯಿದ್ದ ಕಾರಿನ ದೋಷ ಕೈಯಾಡಿದ ಜಾಗದಲ್ಲೇ ಇರುವ ಸಂಭವ ಹೆಚ್ಚು. ಪೂರ್ಣ ಚಾರ್ಜಾದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇದೆಯೆಂದು ಖಚಿತಪಡಿಸಿಕೊಂಡು, ಕೈಕೊಟ್ಟ ಉಪಕರಣವನ್ನು ಚಾಲೂ ಇಟ್ಟೇ ಅದರ ಅರ್ಥ್ ತಂತಿಗೂ ಬ್ಯಾಟರಿಯ ಋಣ ತುದಿಗೂ ಮಲ್ಟಿಮೀಟರಿನ ಕಡ್ಡಿಗಳನ್ನು ತಾಗಿಸುತ್ತಾನೆ, 0.1 ವೋಲ್ಟಿನ ಆಸುಪಾಸು ಕಂಡರೆ ದಾರಿ ಸರಿಯಿದೆ, ಅರ್ಧ ವೋಲ್ಟ್ ಕಂಡರೆ ತುಕ್ಕನ್ನೋ ಸಡಿಲ ಬೋಲ್ಟನ್ನೋ ಹುಡುಕಬೇಕು. ಪದೇ ಪದೇ ಸುಡುವ 10 ಆಂಪಿಯರಿನ ಕೆಂಪು ಫ್ಯೂಜಿನ ಜಾಗದಲ್ಲಿ 20ರ ಹಳದಿಯದನ್ನು ತುರುಕುವ ಚಾಳಿ ಮಾತ್ರ ಅಕ್ಷಮ್ಯ. ಫ್ಯೂಜ್ ಉಳಿದು ತಂತಿಯೇ ಉರಿಯುತ್ತದೆ.

ಹೊಸ ಕಾರುಗಳಿಗೆ ಟೆಸ್ಟ್ ಲ್ಯಾಂಪ್, ಅಂದರೆ ತಂತಿಯಲ್ಲಿ ವಿದ್ಯುತ್ತಿದೆಯೇ ಎಂದು ಉರಿದು ತೋರಿಸುವ ಪುಟ್ಟ ದೀಪ, ಸಾಲದು. ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಕ್ಯಾನ್ ಎಂಬ ಏರ್ಪಾಟಿನಲ್ಲಿ ಹೊಸೆದ ಜೋಡಿ ತಂತಿಯ ಮೇಲೆ ಹಲವು ಕಂಪ್ಯೂಟರುಗಳು ಸಂದೇಶ ಹಂಚಿಕೊಳ್ಳುತ್ತವೆ. ಜೋಡಿಯ ಎರಡೂ ತುದಿಗಳಲ್ಲಿ 120 ಓಮ್‌ಗಳ ರೋಧಕಗಳಿರುವುದರಿಂದ ಬ್ಯಾಟರಿ ಕಳಚಿ ಅಳೆದಾಗ ಸುಮಾರು 60 ಓಮ್ ಬರಬೇಕು, 120 ಬಂದರೆ ಎಲ್ಲೋ ಒಂದು ತುದಿ ಕಡಿದುಹೋಗಿದೆ. ಹಳದಿ ಕಪ್ಲರುಗಳು ಏರ್‌ಬ್ಯಾಗಿನವು. ಬ್ಯಾಟರಿ ಕಳಚಿ, ತಯಾರಕರು ಹೇಳಿದಷ್ಟು ನಿಮಿಷ ಕಾಯುವವರೆಗೆ ಅವಕ್ಕೆ ಕೈ ಹಚ್ಚುವಂತಿಲ್ಲ, ಟೆಸ್ಟ್ ಲ್ಯಾಂಪನ್ನಂತೂ ಎಂದಿಗೂ ತಾಗಿಸುವಂತಿಲ್ಲ, ಏಕೆಂದರೆ ಆ ಪುಟ್ಟ ದೀಪದ ಮೂಲಕ ಹರಿಯುವ ವಿದ್ಯುತ್ತೇ ಚೀಲವನ್ನು ಸಿಡಿಸಬಲ್ಲದು.