ಮಿಣ್ಯಂ ಕಾಡಿನಿಂದ ವಿಚಾರಣಾ ಪೀಠದವರೆಗೆ

ವಿಚಾರಣಾ ನ್ಯಾಯಾಧೀಶರ ಒಂದು ಆದೇಶಕ್ಕೆ ಎಷ್ಟು ತೂಕವಿದೆ ಎಂಬುದನ್ನು ತಿಳಿಯಲು ಹನೂರಿನ ಕಾಡಂಚಿನ ಪ್ರಕರಣಗಳನ್ನು ನೋಡಬೇಕು.

1992ರ ಆಗಸ್ಟ್ 14ರಂದು ಮಿಣ್ಯಂ ಬಳಿ ಕಾಡುಗಳ್ಳ ವೀರಪ್ಪನ್ ತಂಡ ಹೊಂಚುಹಾಕಿ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಪೊಲೀಸರನ್ನು ಕೊಂದಿತು. ಮರುವರ್ಷ ಏಪ್ರಿಲ್ 9ರಂದು ಪಾಲಾರ್ ಬಳಿ ಅದೇ ತಂಡ ಇಟ್ಟ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಈ ಪ್ರಕರಣಗಳಲ್ಲಿ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಜೈಲು ಸೇರಿದವರಲ್ಲಿ ಕಾಡಂಚಿನ ಹಳ್ಳಿಗರೂ ಇದ್ದರು. ವಿಚಾರಣೆ ನಡೆದದ್ದು ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ. ಟಾಡಾ ಪ್ರಕರಣಗಳಲ್ಲಿ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ನಡುವೆ ಹೈಕೋರ್ಟ್ ಇರಲಿಲ್ಲ.

2000ದ ಜುಲೈ 30ರಂದು ವೀರಪ್ಪನ್ ನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ, ಟಾಡಾ ಕೈದಿಗಳ ಬಿಡುಗಡೆಗೆ ಪಟ್ಟು ಹಿಡಿದ. ಸರ್ಕಾರ ಆರೋಪಗಳನ್ನು ಹಿಂಪಡೆಯಲು ಮುಂದಾಯಿತು, ವಿಶೇಷ ನ್ಯಾಯಾಲಯ ಒಪ್ಪಿತು. ಶಕೀಲ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೊರೆ ಹೋದರು. ನವೆಂಬರ್ 7ರಂದು ಆ ಅನುಮತಿ ರದ್ದಾಯಿತು. ಮೊಕದ್ದಮೆ ಹಿಂಪಡೆಯುವುದು ನ್ಯಾಯದ ಹಿತಕ್ಕೆ ಸಲ್ಲುತ್ತದೆಯೇ ಎಂದು ನ್ಯಾಯಾಧೀಶರು ಸ್ವತಃ ತೂಗಿ ನೋಡಲೇಬೇಕು ಎಂಬುದು ಆ ತೀರ್ಪಿನ ಸಾರ.

2001ರಲ್ಲಿ ಮೈಸೂರಿನ ತೀರ್ಪು ಬಂದಾಗ ಹೆಚ್ಚಿನವರು ಖುಲಾಸೆಯಾದರು. ಹಲವರು ಅಷ್ಟರಲ್ಲಿ ಜೈಲಿನಲ್ಲಿ ವರ್ಷಗಟ್ಟಲೆ ಕಳೆದಿದ್ದರು. ಪಾಲಾರ್ ಪ್ರಕರಣದ ನಾಲ್ವರಿಗೆ ಜೀವಾವಧಿ ಶಿಕ್ಷೆಯಾಯಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನ ಅರ್ಜಿಯ ವಿಳಂಬದ ಕಾರಣಕ್ಕೆ 2014ರಲ್ಲಿ ಮತ್ತೆ ಜೀವಾವಧಿಗೆ ಇಳಿಸಿತು. ಶಿಕ್ಷೆ ಕೊನೆಗೆ ನಿಂತದ್ದು ವಿಚಾರಣಾ ನ್ಯಾಯಾಲಯ ಹೇಳಿದಲ್ಲಿಯೇ.

ಮಗನನ್ನು ಕಳೆದುಕೊಂಡ ತಂದೆಗೂ ತಪ್ಪಿಲ್ಲದೆ ಜೈಲು ಸೇರಿದ ಕೂಲಿಯವನಿಗೂ ನ್ಯಾಯ ಸಿಗಬೇಕಾದ ಮೊದಲ ಜಾಗ ವಿಚಾರಣಾ ಪೀಠ. ಸಾಕ್ಷಿ ತಡವರಿಸಿದ್ದು ಎಲ್ಲಿ, ಪಾಟಿ ಸವಾಲಿಗೆ ಕುಗ್ಗಿದ್ದು ಎಲ್ಲಿ ಎಂದು ಕಣ್ಣಾರೆ ನೋಡುವವರು ಆ ನ್ಯಾಯಾಧೀಶರು ಮಾತ್ರ. ಮೇಲಿನವರ ಮುಂದಿರುವುದು ಕಡತ.

ಕೊಳ್ಳೇಗಾಲ, ಯಳಂದೂರಿನ ನ್ಯಾಯಾಲಯಗಳಲ್ಲಿ ಆಸ್ತಿ ವಿಭಾಗ, ಜೀವನಾಂಶ, ಚೆಕ್ ಬೌನ್ಸ್, ಹೊಡೆದಾಟಗಳ ನಡುವೆ ವಿಚಾರಣಾ ನ್ಯಾಯಾಧೀಶರ ದಿನನಿತ್ಯದ ಕೆಲಸ ಸಾಗುತ್ತದೆ. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಪಕ್ಕದ ಯಳಂದೂರು ಮೈಸೂರು ರಾಜ್ಯದಲ್ಲಿ; ನೆರೆಯೂರಿನವರ ವ್ಯಾಜ್ಯಗಳೂ ಬೇರೆ ಬೇರೆ ದಾರಿ ಹಿಡಿಯುತ್ತಿದ್ದವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದ ಮೇಲೆ ಜಿಲ್ಲಾ ನ್ಯಾಯಪೀಠ ಹತ್ತಿರ ಬಂತು.

ಹೈಕೋರ್ಟ್ ನಡೆಸುವ ಪರೀಕ್ಷೆ ಗೆದ್ದವರು ಸಿವಿಲ್ ನ್ಯಾಯಾಧೀಶರಾಗುತ್ತಾರೆ. ಮುಂದೆ ಹಿರಿಯ ಸಿವಿಲ್ ನ್ಯಾಯಾಧೀಶ, ಜಿಲ್ಲಾ ನ್ಯಾಯಾಧೀಶ ಹುದ್ದೆ. ನಡುವೆ ಊರಿಂದೂರಿಗೆ ವರ್ಗಾವಣೆ. ಪರೀಕ್ಷೆಗೆ ಮೂರು ವರ್ಷಗಳ ವಕೀಲಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿದೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಯುವ ವಕೀಲರು ಈ ಪರೀಕ್ಷೆ ಬರೆಯಬೇಕು. ಕಾಡಂಚಿನ ಬಡವರ ಮಾತು ಬಲ್ಲವರು ವಿಚಾರಣಾ ಪೀಠದಲ್ಲಿ ಇರಲೇಬೇಕು.