ಫಾರಿನ್‌ನಲ್ಲಿ ನರ್ಸ್ ನೌಕರಿ: ಪರೀಕ್ಷೆಗೆ ರೊಕ್ಕ ಕಟ್ಟೋ ಮುಂಚೆ ಈ ಲೆಕ್ಕ ಹಾಕ್ರಿ

ಆಲಮೇಲ: ಮಗಳು ನರ್ಸಿಂಗ್ ಕೊನೆ ವರ್ಷದಲ್ಲಿದ್ದಾಳೆ. ಹಗಲು ಆಸ್ಪತ್ರೆ ಡ್ಯೂಟಿ, ರಾತ್ರಿ ಪರೀಕ್ಷೆ ಓದು. ಅದರ ನಡುವೆಯೇ ಇಂಗ್ಲಿಷ್ ಕೋಚಿಂಗ್, ಜರ್ಮನ್ ಕ್ಲಾಸ್. ಇತ್ತ ಕಬ್ಬಿನ ಬಿಲ್ ಜಮಾ ಆಗುತ್ತಿದ್ದಂತೆ ಅಪ್ಪನಿಗೆ ಏಜೆಂಟನ ಫೋನ್: "ಈಗ ಅಡ್ವಾನ್ಸ್ ಕಟ್ರಿ, ವರ್ಷದಾಗ ವೀಸಾ." ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದು ಗೊತ್ತಿಲ್ಲದೆ ರೊಕ್ಕ ಕಟ್ಟಿದರೆ ಅದೇ ಪರೀಕ್ಷೆಗೆ ಎರಡು ಸಲ ಖರ್ಚು ಮಾಡಬೇಕಾಗುತ್ತದೆ.

ಲೆಕ್ಕ ತಪ್ಪೋದು ಎಲ್ಲಿ?

ವಿದೇಶಕ್ಕೆ ಬೇಕಾದ ಕಾಗದಗಳಲ್ಲಿ ಎರಡು ಥರ. ಅಂಕಪಟ್ಟಿ, ಪದವಿ ಪ್ರಮಾಣಪತ್ರ ಒಮ್ಮೆ ಸಿಕ್ಕರೆ ಸಾಯೋತನಕ ನಡೆಯುತ್ತವೆ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಹಾಗಲ್ಲ. ಐಇಎಲ್‌ಟಿಎಸ್ ಅಂಕಕ್ಕೆ 2 ವರ್ಷದ ಆಯುಷ್ಯ ಅಷ್ಟೇ.

ಬಿಎಸ್ಸಿ ನರ್ಸಿಂಗ್ 4 ವರ್ಷದ ಕೋರ್ಸ್. 3ನೇ ವರ್ಷದಲ್ಲೇ ಹುರುಪಿನಿಂದ ಐಇಎಲ್‌ಟಿಎಸ್ ಬರೆದು ಪಾಸಾದರು ಅಂತಿಟ್ಟುಕೊಳ್ಳಿ. ಕೋರ್ಸ್ ಮುಗಿಯಬೇಕು, ಫಲಿತಾಂಶ ಬರಬೇಕು, ನರ್ಸಿಂಗ್ ಕೌನ್ಸಿಲ್ ನೋಂದಣಿ ಆಗಬೇಕು, ದಾಖಲೆ ಪರಿಶೀಲನೆ ಮುಗಿಯಬೇಕು. ಇಷ್ಟರಲ್ಲಿ 2 ವರ್ಷ ಕಳೆದಿರುತ್ತದೆ. ಮತ್ತೆ ಫೀಸು, ಮತ್ತೆ ಓದು. ಅದರ ಜೊತೆಗೆ ಕಾಲೇಜಿನ ಒಂದು ವಿಷಯ ಉಳಿದರಂತೂ ಎರಡೂ ಕಡೆ ನಷ್ಟ.

ಹಾಗಾಗಿ ಸೂತ್ರ ಒಂದೇ: ಅವಧಿ ಇಲ್ಲದ ಕಾಗದ ಮೊದಲು, ಅವಧಿ ಇರೋ ಪರೀಕ್ಷೆ ಆಮೇಲೆ. ಭಾಷೆ ಕಲಿಯೋದನ್ನ ಇವತ್ತೇ ಶುರು ಮಾಡಬಹುದು. ಪರೀಕ್ಷೆ ದಿನಾಂಕ ಮಾತ್ರ ಫೈನಲ್ ಮುಗಿದ ಮೇಲೆ ಬುಕ್ ಮಾಡೋದು ಒಳ್ಳೆಯದು.

ಮೊದಲು ಮಾಡಬೇಕಾದ ಕೆಲಸ

ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಇರೋದು ಸಾಮಾನ್ಯ. ಇಲ್ಲಿ ನಡೆಯುತ್ತದೆ, ಅಲ್ಲಿ ನಡೆಯೋದಿಲ್ಲ. ಕಾಲೇಜಿನಲ್ಲಿ ಇರುವಾಗಲೇ ಎಲ್ಲ ದಾಖಲೆಯಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ಥರ ಮಾಡಿಸಿಕೊಳ್ಳಬೇಕು.

ಆಮೇಲೆ ನೋಂದಣಿ. ಬಿಎಸ್ಸಿ ನರ್ಸಿಂಗ್‌ನವರ ದಾಖಲೆ ಆಯಾ ವಿಶ್ವವಿದ್ಯಾಲಯದಲ್ಲಿ ಇರುತ್ತದೆ. ಬಹಳಷ್ಟು ಕಾಲೇಜುಗಳಿಗೆ ಅದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಜಿಎನ್‌ಎಂನವರಿಗೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಕೋರ್ಸ್ ಮುಗಿದ ಮೇಲೆ ಇಬ್ಬರಿಗೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಬೇಕೇ ಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಅದು ಇತ್ತೀಚಿನದೇ ಆಗಿರಬೇಕು.

ಯಾವ ದೇಶಕ್ಕೆ ಯಾವ ಪರೀಕ್ಷೆ?

ಬ್ರಿಟನ್: ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಓದು, ಕೇಳುವಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಅದರ ಬದಲು ಒಇಟಿ ಬರೆಯಬಹುದು. ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. ಅದರಲ್ಲಿ ಔಷಧಿ ಲೆಕ್ಕದ ಭಾಗ ಒಂದು, ನರ್ಸಿಂಗ್ ಭಾಗ ಇನ್ನೊಂದು. ಕೊನೆಯದು ಆಸ್ಕಿ, ಅಂದರೆ ಕೈಯಿಂದ ಮಾಡಿ ತೋರಿಸೋ ಪರೀಕ್ಷೆ. ಅದು ಬ್ರಿಟನ್‌ನಲ್ಲೇ ನಡೆಯುತ್ತದೆ. 2024ರಿಂದ ಅಲ್ಲಿ ಹೊರದೇಶದ ನರ್ಸ್‌ಗಳ ನೇಮಕ ಕಡಿಮೆಯಾಗಿದೆ. ಹಾಗಾಗಿ ಪರೀಕ್ಷೆ ಪಾಸಾದ ಮಾತ್ರಕ್ಕೆ ನೌಕರಿ ಸಿಕ್ಕೇ ಸಿಗುತ್ತದೆ ಅನ್ನೋ ಮಾತು ನಂಬಬೇಡಿ.

ಜರ್ಮನಿ: ಪೂರ್ತಿ ನರ್ಸ್ ಅಂತ ಕೆಲಸ ಮಾಡಲು ಸಾಮಾನ್ಯವಾಗಿ ಜರ್ಮನ್ ಭಾಷೆ ಬಿ2 ಮಟ್ಟದವರೆಗೆ ಬರಬೇಕು. ಎ1, ಎ2, ಬಿ1 ದಾಟಿ ಅಲ್ಲಿಗೆ ಮುಟ್ಟಲು ತಿಂಗಳುಗಟ್ಟಲೆ ಓದು ಬೇಕು. ನಮ್ಮ ಪದವಿಯನ್ನು ಅಲ್ಲಿನ ಸರ್ಕಾರ ಮಾನ್ಯ ಮಾಡಬೇಕು. ಕೊರತೆ ಕಂಡರೆ ಅಲ್ಲೇ ತರಬೇತಿ ಅಥವಾ ಜ್ಞಾನ ಪರೀಕ್ಷೆ ಇರುತ್ತದೆ. "3 ತಿಂಗಳಲ್ಲಿ ಜರ್ಮನಿ" ಅನ್ನೋ ಬೋರ್ಡ್ ಕಂಡರೆ ಅಲ್ಲೇ ಅನುಮಾನ ಪಡಿ.

ಗಲ್ಫ್: ದುಬೈ, ಸೌದಿಗೆ ಡೇಟಾಫ್ಲೋ ಸಂಸ್ಥೆಯ ದಾಖಲೆ ಪರಿಶೀಲನೆ ಮತ್ತು ಪ್ರೊಮೆಟ್ರಿಕ್ ಪರೀಕ್ಷೆ ಇರುತ್ತದೆ. ಪರಿಶೀಲನೆಯವರು ನೇರವಾಗಿ ಕಾಲೇಜಿಗೆ, ಆಸ್ಪತ್ರೆಗೆ ಬರೆದು ಕೇಳುತ್ತಾರೆ. ಕೆಲಸ ಮಾಡದ ಆಸ್ಪತ್ರೆಯ ಸುಳ್ಳು ಅನುಭವ ಪತ್ರ ಅಲ್ಲೇ ಸಿಕ್ಕಿಬೀಳುತ್ತದೆ. ಅದು ಮಾಡಿಕೊಟ್ಟ ಏಜೆಂಟ ಪಾರಾಗುತ್ತಾನೆ, ಹೆಸರು ಕೆಡೋದು ಅಭ್ಯರ್ಥಿದು.

ಏಜೆಂಟರಿಗೆ ಎಷ್ಟು ಕೊಡಬೇಕು?

1983ರ ವಲಸೆ ಕಾಯ್ದೆ ಪ್ರಕಾರ ವಿದೇಶಿ ನೌಕರಿಗೆ ಜನರನ್ನು ಕಳಿಸೋ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಲೇಬೇಕು. ಅಭ್ಯರ್ಥಿಯಿಂದ ಅವರು ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೇಳಿ ಪಡೆಯಿರಿ. ಏಜೆಂಟರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಮೊಬೈಲ್‌ನಲ್ಲೇ ನೋಡಬಹುದು.

ಇನ್ನೊಂದು ಮಾತು. ಕೋಚಿಂಗ್ ಸೆಂಟರ್, ವೀಸಾ ಕನ್ಸಲ್ಟೆನ್ಸಿ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ನೌಕರಿಗೆ ಕಳಿಸೋ ಅಧಿಕಾರ ಬರೋದಿಲ್ಲ. ಟೂರಿಸ್ಟ್ ವೀಸಾ ಮೇಲೆ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ ಅಂದರೆ ಒಪ್ಪಬೇಡಿ.

ಸರ್ಕಾರದ ದಾರಿಯೂ ಇದೆ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಡಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ–ಕರ್ನಾಟಕ ಇದೆ. ಖಾಸಗಿಯವರಿಗೆ ಅಡ್ವಾನ್ಸ್ ಕೊಡೋ ಮುಂಚೆ ಅಲ್ಲಿ ಒಮ್ಮೆ ವಿಚಾರಿಸಿದರೆ ಕಳೆದುಕೊಳ್ಳೋದು ಏನಿಲ್ಲ.

ಮನೆಯವರಿಗೆ

ಹೊಲ ಒತ್ತಿ ಹಾಕೋದಿರಲಿ, ಅಂಗಡಿ ಮೇಲೆ ಸಾಲ ತೆಗೆಯೋದಿರಲಿ, ಮೊದಲು ಈ ಮೂರು ಕೇಳ್ರಿ: ಕೌನ್ಸಿಲ್ ನೋಂದಣಿ ಆಗಿದೆಯಾ? ಭಾಷೆ ಪರೀಕ್ಷೆ ಅವಧಿ ಯಾವಾಗ ಮುಗಿಯುತ್ತದೆ? ಏಜೆಂಟನ ನೋಂದಣಿ ಸಂಖ್ಯೆ ಎಷ್ಟು? ಮೂರಕ್ಕೂ ಉತ್ತರ ಸಿಗೋತನಕ ರೊಕ್ಕ ಮನೆಯಲ್ಲೇ ಇರಲಿ. ಕೊನೆ ವರ್ಷದ ಹುಡುಗ-ಹುಡುಗಿಯರ ಮೇಲೆ "ಯಾವಾಗ ಹೋಗ್ತಿ?" ಅಂತ ಒತ್ತಡವೂ ಬೇಡ. ಕಾಲೇಜಿನ ಪರೀಕ್ಷೆ ಪಾಸಾಗದಿದ್ದರೆ ಬಾಕಿ ಯಾವ ಕಾಗದಕ್ಕೂ ಬೆಲೆ ಇಲ್ಲ.